ಸಹಾಯ ಬೇಕು: ಅಮೆರಿಕನ್ ಬೀಗರು ಡ್ಯೂಕನನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಅಮೆರಿಕದ ಸಿರಿವಂತ ಮನೆತನದ ಕನ್ಸ್ವೆಲೊ ವ್ಯಾಂಡರ್‌ಬಿಲ್ಟ್ 1895ರಲ್ಲಿ ಒಂಬತ್ತನೆಯ ಮಾರ್ಲ್‌ಬರೋ ಡ್ಯೂಕನನ್ನು ಮದುವೆಯಾದ ಕಾಲದ ಹಿನ್ನೆಲೆಯಲ್ಲಿ, ಇಂಗ್ಲೆಂಡಿನ ಕಾಲ್ಪನಿಕ ಡ್ಯೂಕನೊಬ್ಬನ ಮನೆಗೆ ಬರುವ ಅಮೆರಿಕನ್ ಬೀಗರ ಕುರಿತು ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಪ್ರಹಸನವೊಂದನ್ನು ಬರೆಯುತ್ತಿದ್ದೇನೆ. ಬಾಗಿಲು ತೆರೆದ ಬಟ್ಲರನನ್ನೇ ಡ್ಯೂಕನೆಂದು ತಿಳಿದು ಬೀಗರು ಕೈ ಕುಲುಕುವ ದೃಶ್ಯ ಸಲೀಸಾಗಿ ಬಂತು. ತೊಡಕಿರುವುದು ಸಂಬೋಧನೆಯಲ್ಲಿ. ಆಳುಗಳು ‘ಯುವರ್ ಗ್ರೇಸ್’ ಎನ್ನುತ್ತಾರೆ, ಸರೀಕರು ಬರಿದೇ ‘ಡ್ಯೂಕ್’ ಎನ್ನುತ್ತಾರೆ. ನಮ್ಮ ಬೀಗರೋ ‘ಮಿಸ್ಟರ್ ಡ್ಯೂಕ್’ ಎಂದು ಹೆಗಲ ಮೇಲೆ ಕೈ ಹಾಕುತ್ತಾರೆ. ಕನ್ನಡದಲ್ಲಿ ‘ನೀನು’ ಎಂದು ಬರೆದರೆ ಬೀಗರು ಒರಟರಾಗುತ್ತಾರೆ, ‘ನೀವು’ ಎಂದರೆ ನಗೆಯೇ ಇಂಗಿಹೋಗುತ್ತದೆ. ‘ಡ್ಯೂಕಪ್ಪನವರೇ’ ಎಂದೂ ಬರೆದು ನೋಡಿದೆ. ಓದಿಸಿದಾಗ ಬೀಗರು ನ್ಯೂಯಾರ್ಕಿನಿಂದಲ್ಲ, ಹಾವೇರಿಯಿಂದ ಬಂದಂತೆ ಕೇಳಿಸಿತು. ಅವಮಾನದ ಸುಳಿವಿಲ್ಲದೆ ಅತಿಸಲುಗೆಯನ್ನಷ್ಟೇ ತೋರುವ ಸಂಬೋಧನೆ ಯಾವುದಿರಬಹುದು? ನಾಟಕ ಬರೆದು, ಆಡಿಸಿ ಅನುಭವವಿರುವವರು ಒಂದೆರಡು ಸಾಲಿನ ಮಾದರಿಯೊಂದಿಗೆ ದಯವಿಟ್ಟು ತಿಳಿಸುವಿರಾ?