ಎಂಜಿನಿಯರ್‌ಗೆ ಕೇಳಿ: ಕೊನೆ ಮನೆ ನಲ್ಲಿಯಲ್ಲಿ ಚರಂಡಿ ವಾಸನೆ

ಪಂಚಾಯ್ತಿ ಸದಸ್ಯೆ: ಸರ್, ಜಲ ಜೀವನ್ ಮಿಷನ್ ಪೈಪ್ ಹಾಕಿ ಎರಡು ವರ್ಷ ಆಯ್ತು. ಬೀದಿ ಕೊನೆಯ ನಾಲ್ಕು ಮನೆಗೆ ನೀರು ಬಿಟ್ಟ ಐದು ನಿಮಿಷ ಚರಂಡಿ ವಾಸನೆ, ಆಮೇಲೆ ತಿಳಿ. ಇಬ್ಬರು ಮಕ್ಕಳಿಗೆ ಬೇಧಿ. ಟ್ಯಾಂಕ್ ತೊಳೆಸಿದ್ದೀವಿ.

ಎಂಜಿನಿಯರ್: ಟ್ಯಾಂಕ್ ತಪ್ಪಲ್ಲ ಮೇಡಂ, ದಾರಿಯಲ್ಲಿ ಪೈಪ್ ಎಲ್ಲೋ ತೂತಾಗಿರಬೇಕು. ಇವತ್ತೇ ಆ ಮನೆಗಳಿಗೆ ಟ್ಯಾಂಕರ್ ನೀರು ಕೊಡಿಸಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.
ನೀರು ಬಿಟ್ಟಾಗ ಪೈಪಿನ ತೂತಿಂದ ನೀರು ಆಚೆ ಹೋಗುತ್ತೆ. ವಾಲ್ವ್ ಕಟ್ಟಿ ಪೈಪ್ ಖಾಲಿಯಾಗುವಾಗ ಅದೇ ತೂತು ಚರಂಡಿ ನೀರನ್ನು ಒಳಕ್ಕೆ ಎಳೆಯುತ್ತೆ. ನಲ್ಲಿಗೆ ನೇರ ಮೋಟರ್ ಹಾಕಿದವರಿದ್ದರೆ ಇನ್ನೂ ಜೋರಾಗಿ.
ಕ್ಲೋರೋಸ್ಕೋಪ್ (ನೀರಲ್ಲಿ ಉಳಿದ ಕ್ಲೋರಿನ್ ಅನ್ನು ಬಣ್ಣದಿಂದ ತೋರಿಸೋ ಕಿಟ್) ತಗೊಂಡು ಮೊದಲು ಟ್ಯಾಂಕ್ ಹತ್ತಿರದ ನಲ್ಲಿ, ಆಮೇಲೆ ಕೊನೆ ನಲ್ಲಿ ನೋಡಿ. ಅಲ್ಲಿ ಚೆನ್ನಾಗಿ ಹಳದಿ ಬಂದು ಇಲ್ಲಿ ಬಣ್ಣವೇ ಬರದಿದ್ದರೆ ದಾರಿಯಲ್ಲಿ ಕೊಳೆ ಸೇರ್ತಿರೋ ಅನುಮಾನ ಬಲವಾಗುತ್ತೆ. ಕೊನೆ ನಲ್ಲಿಯಲ್ಲಿ ಕ್ಲೋರಿನ್ ಕನಿಷ್ಠ 0.2 ಮಿ.ಗ್ರಾಂ./ಲೀ. ಇರಬೇಕು. ನಂತರ ಪೈಪ್ ಚರಂಡಿ ದಾಟೋ ಜಾಗ, ಮನೆ ಸಂಪರ್ಕದ ಸ್ಯಾಡಲ್ (ಬೀದಿ ಪೈಪಿಗೆ ಮನೆ ಪೈಪ್ ಜೋಡಿಸೋ ಪಟ್ಟಿ) ಇರೋ ಜಾಗ ಅಗೆಸಿ. ತೂತು ಸಿಕ್ಕಿತಂತ ರಬ್ಬರ್ ಸುತ್ತಿ ಮುಚ್ಚಬೇಡಿ. ಪೈಪನ್ನು ಚರಂಡಿ ತಳದಿಂದ ಎತ್ತಿ, ದೊಡ್ಡ ಪೈಪಿನೊಳಗೆ ತೂರಿಸಿ ದಾಟಿಸಿ.
ರಿಪೇರಿ ಆದಮೇಲೆ ಕೊನೆಯಲ್ಲಿ ನೀರು ಬಿಟ್ಟು ತೊಳೆಯಿರಿ. 63 ಮಿ.ಮೀ. ಪೈಪಾದರೆ ನೂರು ಮೀಟರಿಗೆ 250 ಲೀಟರ್ ಹತ್ತಿರ ಹಿಡಿಯುತ್ತೆ, ಅದಕ್ಕೆ ಸುಮಾರು 50 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಪೈಪ್ ತುಂಬಿಸಿ. ಒಂದು ದಿನ ಯಾರೂ ನಲ್ಲಿ ತೆರೆಯಬಾರದು. ಪೂರ್ತಿ ಹರಿಸಿ, ಎಚ್‌2ಎಸ್ ಬಾಟಲಿಯಲ್ಲಿ (ಮಲದ ಕ್ರಿಮಿ ಸೇರಿದ ನೀರು ಕಪ್ಪಾಗೋ ಪರೀಕ್ಷೆ ಬಾಟಲಿ) ಪರೀಕ್ಷಿಸಿ. ಕಪ್ಪಾದರೆ ಕೆಲಸ ಮುಗಿದಿಲ್ಲ.

ಸದಸ್ಯ 1: ಬ್ಲೀಚಿಂಗ್ ಬೇಡ, ಪಟಿಕ ಸಾಕು. ನಾನು ಗ್ರೂಪಿಗೆ ಹಾಕಿದ ಫಾರ್ವರ್ಡ್ ನೋಡಿ.

ಎಂಜಿನಿಯರ್: ಪಟಿಕ ಮಣ್ಣು ಇಳಿಸುತ್ತೆ, ಕ್ರಿಮಿ ಕೊಲ್ಲುವ ಭರವಸೆ ಇಲ್ಲ. ಮಕ್ಕಳಿಗೆ ಬೇಧಿ ಆಗ್ತಿರುವಾಗ ಇಂಥ ಫಾರ್ವರ್ಡ್ ಹಾಕಬೇಡಿ.

ನೀರಗಂಟಿ: ಅಣ್ಣಾ, 50,000 ಲೀಟರ್ ಟ್ಯಾಂಕಿಗೆ ಎಷ್ಟು?

ಎಂಜಿನಿಯರ್: ಲೀಟರಿಗೆ 2 ಮಿ.ಗ್ರಾಂ. ಲೆಕ್ಕಕ್ಕೆ 100 ಗ್ರಾಂ ಕ್ಲೋರಿನ್. ಪುಡಿಯಲ್ಲಿ 25% ಇದ್ದರೆ 400 ಗ್ರಾಂ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ ಸುರಿ. ಅರ್ಧ ಗಂಟೆ ಕಾದು ಬಿಡು. ಬಾಯಿ ತೆರೆದ ಹಳೇ ಚೀಲದ್ದು ಶಕ್ತಿ ಕಳ್ಕೊಂಡಿರುತ್ತೆ.

ಸದಸ್ಯ 2: ಫ್ಲೋರೈಡ್ ನೀರು ಕುದಿಸಿದರೆ ಹೋಗುತ್ತಂತೆ?

ಎಂಜಿನಿಯರ್: ಇಲ್ಲ. ನೀರು ಆವಿಯಾದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತೆ. ಲ್ಯಾಬ್‌ಗೆ ಕೊಡಿ, ಲೀಟರಿಗೆ 1.5 ಮಿ.ಗ್ರಾಂ. ಮೀರಿದರೆ ಕುಡಿಯೋಕೆ ಬೇಡ.

ಸದಸ್ಯ 3: ಸರ್ಕಾರ ಪೈಪ್ ಹಾಕಿ ಫೋಟೊ ತೆಗೆಸ್ಕೊಂಡು ಹೋಗುತ್ತೆ. ರಿಪೇರಿ ಯಾರಪ್ಪಂದು?

ಸದಸ್ಯ 1: ನೀರಿನ ಕರ ಕಟ್ಟಿದ್ದೀಯಾ ಮೊದಲು?

ಸದಸ್ಯ 3: ಬರೀ ಕೆಸರು ಬರುತ್ತೆ, ಕರ ಯಾಕೆ ಕಟ್ಟಲಿ?

ಸದಸ್ಯ 1: ಕಟ್ಟದಿದ್ದರೆ ವಾಲ್ವ್ ಬದಲಾಯಿಸೋ ದುಡ್ಡು ನಿಮ್ಮ ಮಾವ ಕೊಡ್ತಾರಾ?

ಎಂಜಿನಿಯರ್: ಊರೊಳಗಿನ ಪೈಪ್ ನಿರ್ವಹಣೆ ಗ್ರಾಮ ಪಂಚಾಯ್ತಿ ಮತ್ತು ನೀರು ಸಮಿತಿಯದ್ದು. ಹಾಗಂತ ಸರ್ಕಾರ ಕೈ ತೊಳ್ಕೊಳ್ಳೋ ಹಾಗಿಲ್ಲ, ಕರ ಒಂದರಿಂದಲೇ ಮೋಟರ್ ಸುತ್ತಿಸೋಕೆ ಆಗಲ್ಲ. ಮೇಡಂ, ಒಪ್ಪಂದದಲ್ಲಿ ದೋಷ ಹೊಣೆ ಅವಧಿ (ಕೆಲಸ ಕೆಟ್ಟರೆ ಕಂಟ್ರಾಕ್ಟರೇ ಸರಿಮಾಡಬೇಕಾದ ಕಾಲ) ಇನ್ನೂ ಇದ್ದರೆ ಕಂಟ್ರಾಕ್ಟರ್ ಕೈಲೇ ಅಗೆಸಿ. ನಾಲ್ಕು ಮನೆ ಹೆಸರು, ವಾಸನೆ ಬಂದ ದಿನ ಬರೆದು ಪಿಡಿಒಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ನೀರಗಂಟಿ: ಮೋಟರ್ ಮೂರು ಸಲ ಸುಟ್ಟಿದೆ ಅಣ್ಣಾ.

ಎಂಜಿನಿಯರ್: ಸ್ಟಾರ್ಟರ್‌ನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸೋ ಸಾಧನ) ಬೈಪಾಸ್ ಆಗಿದೆಯಾ ನೋಡು.

ಸದಸ್ಯ 4: ಸೋಲಾರ್ ಪಂಪಿಗೆ ಸಬ್ಸಿಡಿ ಇದೆಯಾ?

ಸದಸ್ಯ 2: ಬ್ಲೀಚಿಂಗ್ ಎಷ್ಟು ಹಾಕಬೇಕು ಸರ್?

ಎಂಜಿನಿಯರ್: ಮೇಲೆ ಓದಿ.

ಸದಸ್ಯ 3: ಮಾವನ ಮಾತು ವಾಪಸ್ ತಗೊಳ್ಳಿ.

ಪಂಚಾಯ್ತಿ ಸದಸ್ಯೆ: ಸರ್, ಅಗೆಸಿದೆವು. ಸ್ಯಾಡಲ್ ಪಕ್ಕ ಪೈಪ್ ಸೀಳಿದೆ, ಮೇಲೆ ಚರಂಡಿ ಕೆಸರು ನಿಂತಿದೆ.

ಎಂಜಿನಿಯರ್: ಮುಟ್ಟಬೇಡಿ, ಮೊದಲು ಫೋಟೊ ತೆಗೀರಿ. ಆ ಕಡೆ ವಾಲ್ವ್ ಕಟ್ಟೇ ಇರಲಿ.