ಗ್ಯಾಂಗ್ ಟೂಲ್ ಲೇತ್: ‘ಗುಂಪು’ ಅನ್ನೋಣವೋ, ‘ಸಾಲು’ ಅನ್ನೋಣವೋ?

ಗೆಳೆಯರೇ, ನಮಸ್ಕಾರ.

ಸಣ್ಣ ವರ್ಕ್‌ಶಾಪ್ ನಡೆಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪಿನ್ನು, ಬುಶ್ಶು, ನಾಜಲ್ಲು, ಸಣ್ಣ ಸ್ಕ್ರೂ ಇಂಥವನ್ನು ಸಾವಿರಗಟ್ಟಲೆ ತೆಗೆಯುವವರು ಸಿಎನ್‌ಸಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ, ಕಂಪ್ಯೂಟರ್ ನಡೆಸುವ ಯಂತ್ರ) ಕೊಳ್ಳುವಾಗ ಏನೇನು ನೋಡಬೇಕು ಅನ್ನುವುದು ವಿಷಯ. ಅದರಲ್ಲೂ ಗ್ಯಾಂಗ್ ಟೂಲ್ ಲೇತ್‌ಗೇ ಹೆಚ್ಚು ಪುಟ ಕೊಟ್ಟಿದ್ದೇನೆ. ಆದರೆ ಆ ಯಂತ್ರದ ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಲಹೆ ಬೇಕು.

ಲೇತ್, ಟೂಲ್, ಸ್ಪಿಂಡಲ್ (ತಿರುಗುವ ಅಚ್ಚು), ಚಕ್, ಕಾಲೆಟ್ (ಎರಡೂ ಅದರ ತುದಿಯಲ್ಲಿ ಲೋಹವನ್ನು ಕಚ್ಚಿ ಹಿಡಿಯುವವು) ಇವನ್ನು ಬದಲಿಸುವ ಆಸೆ ನನಗಿಲ್ಲ. ಯಂತ್ರದ ಮುಂದೆ ನಿಂತವರು ಆಡುವ ಮಾತು ಅದೇ. ‘ಟರ್ನಿಂಗ್’ಗೆ ಮಾತ್ರ ‘ಕಡೆಯುವುದು’ ಅಂತ ಅಲ್ಲಲ್ಲಿ ಬಳಸಿದ್ದೇನೆ. ಮರವನ್ನು ಕಡೆಯುತ್ತೇವೆ, ಲೋಹವನ್ನೂ ಕಡೆಯಬಹುದು, ಅಲ್ವಾ? ತೊಂದರೆ ಇರುವುದು ‘ಗ್ಯಾಂಗ್’ ಎಂಬ ಮಾತಿನಲ್ಲಿ.

ಮೊದಲು ಯಂತ್ರ ಹೇಗಿದೆ ಅಂತ ಹೇಳಿಬಿಡುತ್ತೇನೆ. ಸಾಮಾನ್ಯ ಸಿಎನ್‌ಸಿ ಲೇತ್‌ನಲ್ಲಿ ಟೂಲ್‌ಗಳು ಟರೆಟ್ ಎಂಬ ತಿರುಗುವ ತಲೆಯ ಸುತ್ತ ಕೂತಿರುತ್ತವೆ. ಒಂದು ಟೂಲ್‌ನ ಕೆಲಸ ಮುಗಿದ ಮೇಲೆ ಟರೆಟ್ ಹಿಂದೆ ಸರಿಯುತ್ತದೆ, ತಿರುಗುತ್ತದೆ, ಲಾಕ್ ಆಗುತ್ತದೆ, ಮತ್ತೆ ಮುಂದೆ ಬರುತ್ತದೆ. ಗ್ಯಾಂಗ್ ಟೂಲ್ ಲೇತ್‌ನಲ್ಲಿ ಟರೆಟ್ಟೇ ಇಲ್ಲ. ಅಡ್ಡಕ್ಕೆ ಓಡುವ ಸ್ಲೈಡ್ ಮೇಲೆ ಒಂದು ಪ್ಲೇಟ್ ಇರುತ್ತದೆ. ಅದರ ಮೇಲೆ ಟರ್ನಿಂಗ್ ಟೂಲ್, ಡ್ರಿಲ್, ತೂತಿನ ಒಳಮೈ ಕಡೆಯುವ ಬೋರಿಂಗ್ ಬಾರ್, ಮುಗಿದದ್ದನ್ನು ಕತ್ತರಿಸಿ ಬೇರೆ ಮಾಡುವ ಪಾರ್ಟಿಂಗ್ ಟೂಲ್ ಎಲ್ಲವೂ ಒಂದರ ಪಕ್ಕ ಒಂದು ಬಿಗಿದಿರುತ್ತವೆ. ಮುಂದಿನ ಟೂಲ್ ಬೇಕಾದರೆ ಸ್ಲೈಡ್ ಒಂದಿಷ್ಟು ಅಡ್ಡ ಸರಿದರೆ ಆಯ್ತು.

ಇದರಿಂದ ಉಳಿಯುವ ಸಮಯ ಸಣ್ಣದಲ್ಲ. ಒಂದು ಜಾಬ್‌ಗೆ (ಕಡೆಯುವ ವಸ್ತುವಿಗೆ) 5 ಸಲ ಟೂಲ್ ಬದಲಾಗುತ್ತದೆ, ಪ್ರತಿ ಸಲ 1 ಸೆಕೆಂಡ್ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಸಾವಿರ ಜಾಬ್‌ಗೆ 5000 ಸೆಕೆಂಡ್ ಆಯ್ತು, ಅಂದರೆ 83 ನಿಮಿಷ. ಜಾಬ್ ಒಂದೊಂದೂ 30 ಸೆಕೆಂಡಿನಲ್ಲಿ ಮುಗಿಯುವಂಥದ್ದಾದರೆ ಈ ಲೆಕ್ಕಕ್ಕೆ ತುಂಬ ತೂಕವಿದೆ. 20 ನಿಮಿಷ ಹಿಡಿಯುವ ದೊಡ್ಡ ಜಾಬ್ ಆದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಲಾಭವೂ ಇದೆ. ತಿರುಗಿ ಲಾಕ್ ಆಗುವ ಭಾಗವೇ ಇಲ್ಲದ್ದರಿಂದ ಅಲ್ಲಿ ಸವೆಯಲು, ತಪ್ಪಿ ನಿಲ್ಲಲು ಏನೂ ಇಲ್ಲ. ಟೂಲ್ ಪ್ರತಿ ಸಲವೂ ಅದೇ ಜಾಗಕ್ಕೆ ಬರುವುದು ಸುಲಭ.

ಈಗ ಪದಕ್ಕೆ ಬರೋಣ. ಕನ್ನಡದಲ್ಲಿ ‘ಗ್ಯಾಂಗ್’ ಅಂದ ಕೂಡಲೇ ಏನು ನೆನಪಾಗುತ್ತದೆ? ‘ಗ್ಯಾಂಗ್ ಕಟ್ಟಿಕೊಂಡು ಬಂದ’ ಅನ್ನುವ ಮಾತು. ಇಂಗ್ಲಿಷಿನಲ್ಲಿ ಈ ಪದದ ಬೇರು ‘ಹೋಗುವುದು, ನಡೆ’ ಎಂಬ ಅರ್ಥದ್ದು. ಒಟ್ಟಿಗೆ ಒಯ್ಯುವ ಸಾಮಾನು, ಒಂದೇ ಕೆಲಸಕ್ಕೆ ಬೇಕಾದ ಹತಾರಗಳ ಸೆಟ್ ಎಂಬ ಅರ್ಥವೂ ಅದಕ್ಕೆ ಹಳೆಯದೇ. ಹಾಗಾಗಿ ಅಲ್ಲಿ ಟೂಲ್‌ಗಳಿಗೆ ಆ ಪದ ಸಹಜವಾಗಿ ಕೂರುತ್ತದೆ. ನಮ್ಮಲ್ಲಿ ಆ ಅರ್ಥ ಬಂದೇ ಇಲ್ಲ, ಮನುಷ್ಯರ ಗುಂಪಿನ ಅರ್ಥ ಮಾತ್ರ ಬಂದಿದೆ. ಕೈಪಿಡಿ ಓದುವವರಿಗೆ ಹೆಸರಿನಿಂದ ಯಂತ್ರದ ಸುಳಿವೇ ಸಿಗುವುದಿಲ್ಲ.

‘ಗುಂಪುಟೂಲ್ ಲೇತ್’ ಅನ್ನಬಹುದು ಎಂದು ಒಬ್ಬರು ಸೂಚಿಸಿದರು. ‘ಕೂಡುಟೂಲ್’ ಅಂತಲೂ ಯೋಚಿಸಿದೆ. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ‘ಕೂಡು’ ಅಂದರೆ ಎಲ್ಲ ಟೂಲ್‌ಗಳೂ ಒಟ್ಟಿಗೆ ಕೆಲಸ ಮಾಡುತ್ತವೆ ಅನ್ನಿಸುತ್ತದೆ. ಗ್ಯಾಂಗ್ ಮಿಲ್ಲಿಂಗ್‌ನಲ್ಲಿ ಅದು ನಿಜ. ಅಲ್ಲಿ ಒಂದೇ ಆರ್ಬರ್ (ತಿರುಗುವ ದಂಡ) ಮೇಲೆ ಹಲವು ಕಟರ್‌ಗಳನ್ನು ಪೋಣಿಸಿ ಒಂದೇ ಸಲ ಕೊರೆಯುತ್ತಾರೆ. ಲೇತ್‌ನಲ್ಲಿ ಹಾಗಲ್ಲ. ಒಂದು ಟೂಲ್ ಕಡೆಯುವಾಗ ಉಳಿದವು ಪಕ್ಕದಲ್ಲಿ ಸುಮ್ನೆ ನಿಂತಿರುತ್ತವೆ. ಒಂದೇ ‘ಗ್ಯಾಂಗ್’ ಎಂಬ ಪದ ಎರಡು ಯಂತ್ರಗಳಲ್ಲಿ ಎರಡು ಬಗೆಯಲ್ಲಿ ಕೆಲಸ ಮಾಡುತ್ತಿದೆ. ಹೀಗಿರುವಾಗ ಒಂದೇ ಕನ್ನಡ ಪದವನ್ನು ಎರಡಕ್ಕೂ ಹೊಂದಿಸುವುದು ಸರಿಯಲ್ಲ ಅಂತ ನನ್ನ ಅನಿಸಿಕೆ.

ನನಗೆ ಹಿಡಿಸಿರುವುದು ‘ಸಾಲು’. ಕಾರಣ ಬರೀ ಕಿವಿಗೆ ಇಂಪು ಅಂತಲ್ಲ. ಈ ಯಂತ್ರ ಕೊಳ್ಳುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ ಸಂಗತಿಯೇ ಆ ಸಾಲು. ಎಲ್ಲ ಟೂಲ್‌ಗಳೂ ಒಂದೇ ಸ್ಲೈಡ್‌ನ ಓಟವನ್ನು ಹಂಚಿಕೊಳ್ಳುತ್ತವೆ. ‘ಎಷ್ಟು ಟೂಲ್ ಹಿಡಿಯುತ್ತದೆ?’ ಎಂಬ ಪ್ರಶ್ನೆಗೆ ಟರೆಟ್ ಲೇತ್‌ನಲ್ಲಿ ಒಂದು ಖಚಿತ ಸಂಖ್ಯೆ ಇರುತ್ತದೆ, 8 ಅಥವಾ 12. ಗ್ಯಾಂಗ್ ಲೇತ್‌ನಲ್ಲಿ ಅಂಥ ಸಂಖ್ಯೆ ಇಲ್ಲ. ಅದನ್ನು ನಿಮ್ಮ ಜಾಬ್‌ನ ದಪ್ಪವೇ ತೀರ್ಮಾನಿಸುತ್ತದೆ.

ಹೇಗೆ ಅಂದರೆ, ಒಂದು ಟೂಲ್ ಜಾಬ್‌ನ ಹೊರಮೈ ಕಡೆಯುವಾಗ ಇಡೀ ಜಾಬ್ ಆ ಟೂಲ್‌ನ ತುದಿಗೂ ಪಕ್ಕದ ಟೂಲ್‌ಗೂ ನಡುವೆ ಇರುತ್ತದೆ. ಆದ್ದರಿಂದ ನಡುವಿನ ಸಂದು ಜಾಬ್‌ನ ವ್ಯಾಸಕ್ಕಿಂತ ಜಾಸ್ತಿ ಇರಲೇಬೇಕು. 25 ಮಿ.ಮೀ. ಬಾರ್ (ಜಾಬ್ ತೆಗೆಯುವ ಲೋಹದ ಸರಳು) ಅಂತಿಟ್ಟುಕೊಳ್ಳಿ. ಸಂದು 33 ಮಿ.ಮೀ., ಟೂಲ್‌ನ ದಪ್ಪ 12 ಮಿ.ಮೀ. ಆದರೆ ಒಂದು ಟೂಲ್‌ನಿಂದ ಇನ್ನೊಂದಕ್ಕೆ 45 ಮಿ.ಮೀ. ಸ್ಲೈಡ್‌ನ ಓಟ 200 ಮಿ.ಮೀ. ಇದ್ದರೆ 5 ಟೂಲ್ ಕೂರುತ್ತವೆ, ಆರನೆಯದಕ್ಕೆ ಜಾಗವಿಲ್ಲ. ಅದೇ ಯಂತ್ರದಲ್ಲಿ 10 ಮಿ.ಮೀ. ಬಾರ್ ಹಾಕಿ ನೋಡಿ. ಸಂದು 15, ದಪ್ಪ 12, ಒಟ್ಟು 27. ಈಗ 8 ಟೂಲ್ ಕೂರುತ್ತವೆ. ಕ್ಯಾಟಲಾಗ್‌ನಲ್ಲಿ ಬರೆದ ಟೂಲ್ ಸಂಖ್ಯೆಯನ್ನು ನಂಬಿ ಕೊಂಡವರು ಎಡವುವುದು ಇಲ್ಲೇ. ಉದ್ದದ ಡ್ರಿಲ್ ಇದ್ದರೆ ಇನ್ನೂ ಎಚ್ಚರ ಬೇಕು. ಪಕ್ಕದ ಗಿಡ್ಡ ಟೂಲ್ ಜಾಬ್‌ನ ಹತ್ತಿರ ಹೋದಾಗ ಈ ಡ್ರಿಲ್ ಹೋಗಿ ಕಾಲೆಟ್‌ನ ಮೂತಿಗೆ ಹೊಡೆಯಬಹುದು. ಬಾರನ್ನು ಹಿಂದಿನಿಂದ ತಳ್ಳುವ ಫೀಡರ್ ಬದಲು ಮುಂದಿನಿಂದ ಎಳೆಯುವ ಪುಲ್ಲರ್ ಇಟ್ಟರೆ ಅದಕ್ಕೂ ಸಾಲಿನಲ್ಲೇ ಒಂದು ಜಾಗ ಹೋಗುತ್ತದೆ. ಹೆಸರಿನಲ್ಲಿ ‘ಸಾಲು’ ಇದ್ದರೆ ಓದುಗರ ತಲೆ ಈ ಲೆಕ್ಕದ ಕಡೆ ತಾನಾಗಿ ಹೊರಳುತ್ತದೆ. ‘ಗುಂಪು’ ಅಂದರೆ ಹೊರಳುವುದಿಲ್ಲ.

ಹಾಗಾದರೆ ‘ಸಾಲುಟೂಲ್ ಲೇತ್’ ಅನ್ನೋಣವೇ, ‘ಟೂಲ್‌ಸಾಲಿನ ಲೇತ್’ ಅನ್ನೋಣವೇ? ನನ್ನ ಒಲವು ಎರಡನೆಯದಕ್ಕೆ. ಜೋಡಣೆಗೆ ‘ಟೂಲ್‌ಸಾಲು’ ಎಂಬ ಹೆಸರು ಸಿಕ್ಕರೆ ಅದನ್ನು ಬೇರೆ ಕಡೆಯೂ ಬಳಸಬಹುದು. ಸ್ವಿಸ್ ಟೈಪ್ ಲೇತ್‌ಗಳಲ್ಲೂ ಟೂಲ್‌ಗಳು ಬಹಳ ಸಲ ಹೀಗೇ ಸಾಲಾಗಿರುತ್ತವೆ. ಅಲ್ಲಿ ವ್ಯತ್ಯಾಸ ಇರುವುದು ಸ್ಪಿಂಡಲ್ ಹೊತ್ತ ಹೆಡ್‌ಸ್ಟಾಕ್‌ನಲ್ಲಿ, ಅದೇ ಬಾರ್ ಹಿಡಿದು ಹಿಂದೆ ಮುಂದೆ ಸರಿಯುತ್ತದೆ. ಬಾರ್, ಟೂಲ್‌ನ ಪಕ್ಕದಲ್ಲೇ ಆಧಾರ ಕೊಡುವ ಗೈಡ್ ಬುಶ್ ಮೂಲಕ ಮುಂದೆ ಬರುತ್ತದೆ, ಹಾಗಾಗಿ ಉದ್ದದ ತೆಳ್ಳನೆ ಜಾಬ್ ಬಾಗುವುದಿಲ್ಲ. ಆಧಾರವಿಲ್ಲದೆ ಹೊರಗೆ ಚಾಚಿದ ಉದ್ದ ವ್ಯಾಸದ 3 ಪಟ್ಟು ದಾಟಿದರೆ ಸ್ವಿಸ್ ಟೈಪ್ ಕಡೆ ನೋಡಿ ಅನ್ನುವುದು ಈ ಕೆಲಸದಲ್ಲಿರುವವರ ರೂಢಿಯ ಮಾತು. ‘ಗ್ಯಾಂಗ್’ ಮತ್ತು ‘ಸ್ವಿಸ್’ ಒಂದಕ್ಕೊಂದು ಎದುರು ಪದಗಳು ಅಂತ ತುಂಬ ಜನ ತಿಳಿದಿದ್ದಾರೆ. ಒಂದು ಟೂಲ್ ನಿಂತ ಬಗೆಯನ್ನು ಹೇಳುತ್ತದೆ, ಇನ್ನೊಂದು ಬಾರ್ ಬರುವ ಬಗೆಯನ್ನು. ‘ಟೂಲ್‌ಸಾಲು’ ಎಂದು ಬಿಡಿಸಿ ಹೇಳಿದರೆ ಈ ಗೊಂದಲ ಕಡಿಮೆಯಾದೀತು.

ಇದಕ್ಕೆ ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಕೆಲವು ಯಂತ್ರಗಳಲ್ಲಿ ಟೂಲ್‌ಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ. ಸ್ಪಿಂಡಲ್‌ನ ಈಚೆಗೆ ಕೆಲವು, ಆಚೆಗೆ ಕೆಲವು. ತಾವೇ ತಿರುಗುತ್ತ ಅಡ್ಡ ತೂತು ಕೊರೆಯುವ ಲೈವ್ ಟೂಲ್‌ಗಳ ಬ್ಲಾಕ್‌ನಲ್ಲಿ ಒಂದರ ಮೇಲೊಂದು ಇರುವುದೂ ಉಂಟು. ಅದನ್ನೂ ‘ಸಾಲು’ ಅನ್ನಬಹುದೇ? ಮೇಲಿಂದ ಕೆಳಗೆ ಇದ್ದರೂ ಸಾಲು ಸಾಲೇ ಅನ್ನುವುದು ನನ್ನ ವಾದ. ಒಪ್ಪದವರು ಇದ್ದರೆ ದಯವಿಟ್ಟು ಬೇರೆ ಪದ ಸೂಚಿಸಿ.

ಎರಡನೇ ಪ್ರಶ್ನೆ ‘ಕಾಂಪ್ಯಾಕ್ಟ್’ ಬಗ್ಗೆ. ‘ಚಿಕ್ಕ ಲೇತ್’ ಅಂದರೆ ಮೇಜಿನ ಮೇಲಿಡುವ ಹವ್ಯಾಸದ ಲೇತ್ ಅಂತ ಓದುಗರು ತಿಳಿಯುತ್ತಾರೆ. ಇದು ಅದಲ್ಲ. ದಿನವಿಡೀ ಓಡುವ ಉತ್ಪಾದನೆಯ ಯಂತ್ರವೇ, ಹಿಡಿಯುವ ಜಾಗ ಮಾತ್ರ ಕಡಿಮೆ. ‘ಅಡಕವಾದ ಲೇತ್’ ಅಂತ ಬರೆದಿದ್ದೇನೆ. ಅಡಕ ಎಂಬಲ್ಲಿ ಬೇಕಾದ್ದೆಲ್ಲ ಒಳಗಿದೆ, ಒತ್ತಾಗಿ ಕೂತಿದೆ ಎಂಬ ಭಾವ ಇದೆ. ಆದರೆ ಕ್ಯಾಟಲಾಗ್‌ನವರು ಹೇಳುವ ಅಳತೆ ಯಂತ್ರದ್ದು ಮಾತ್ರ. 3 ಮೀಟರ್ ಬಾರ್ ಹಾಕುವ ಫೀಡರ್ ಹಿಂದೆ ಜೋಡಿಸಿದರೆ ಅಡಕ ಎಲ್ಲಿ ಉಳಿಯಿತು? ಹಾಗಾಗಿ ‘ಅಡಕ’ ಎಂದ ಕಡೆಯೆಲ್ಲ ಫೀಡರ್ ಸೇರಿದ ಉದ್ದವನ್ನೂ ಬರೆಯುತ್ತಿದ್ದೇನೆ. ಇಷ್ಟಾದರೂ ‘ಅಡಕ’ ಸರಿಹೋಗುತ್ತದೆಯೇ, ಇಲ್ಲ ‘ಕಾಂಪ್ಯಾಕ್ಟ್’ ಅಂತಲೇ ಬಿಡುವುದು ಮೇಲೋ?

ಮೂರನೆಯದು ‘ಬಿಡಿಭಾಗ’. ಸಣ್ಣ ಪಾರ್ಟ್ಸ್ ಅನ್ನುವುದಕ್ಕೆ ನಿಘಂಟು ನೋಡಿದರೆ ಮೊದಲು ಹೊಳೆಯುವ ಪದ ಇದೇ. ಆದರೆ ರೂಢಿಯಲ್ಲಿ ಬಿಡಿಭಾಗ ಅಂದರೆ ಕೆಟ್ಟುಹೋದದ್ದರ ಬದಲು ಹಾಕುವ ಸ್ಪೇರ್ ಪಾರ್ಟ್. ‘ಸಣ್ಣ ಬಿಡಿಭಾಗಗಳ ಉತ್ಪಾದನೆಗೆ ಲೇತ್’ ಎಂದು ಬರೆದರೆ ರಿಪೇರಿ ಅಂಗಡಿಯ ಮಾತಾಗುತ್ತದೆ. ಲೇತ್‌ನಲ್ಲಿ ಹಿಡಿದು ಕಡೆಯುವ ವಸ್ತುವಿಗೆ ವರ್ಕ್‌ಶಾಪ್‌ನಲ್ಲಿ ‘ಜಾಬ್’ ಅನ್ನುತ್ತಾರೆ. ನಾನು ಅದನ್ನೇ ಉಳಿಸಿಕೊಂಡೆ. ನೌಕರಿ ಅಂತ ಯಾರೂ ತಪ್ಪು ತಿಳಿಯಲಾರರು ಅಂತ ನಂಬಿದ್ದೇನೆ.

‘ಬಾರ್ ಕೆಪ್ಯಾಸಿಟಿ’ಗೆ, ಅಂದರೆ ಯಂತ್ರದಲ್ಲಿ ಹಾಯಬಲ್ಲ ಅತಿ ದಪ್ಪ ಬಾರ್‌ನ ಅಳತೆಗೆ, ‘ಹಾಯುವ ಬಾರ್’ ಅಂತ ಹಾಕಿದ್ದೇನೆ. 5ಸಿ ಎಂಬ ಬಗೆಯ ಕಾಲೆಟ್‌ನಲ್ಲಿ ಹಾಯುವ ದುಂಡು ಬಾರ್ ಹೆಚ್ಚೆಂದರೆ ಸುಮಾರು 27 ಮಿ.ಮೀ. ಇದರಲ್ಲಿ ನನಗೆ ಅನುಮಾನವಿಲ್ಲ. ಸ್ಪಿಂಡಲ್ ವೇಗದ ಬಗ್ಗೆ ಮಾತ್ರ ಒಂದು ಅನುಮಾನ ಇದೆ. ಸ್ಪಿಂಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದನ್ನೂ ‘ವೇಗ’ ಅನ್ನುತ್ತೇವೆ, ಲೋಹ ಟೂಲ್‌ನ ಮುಂದೆ ನಿಮಿಷಕ್ಕೆ ಎಷ್ಟು ಮೀಟರ್ ಹಾಯುತ್ತದೆ ಅನ್ನುವುದನ್ನೂ ‘ವೇಗ’ ಅನ್ನುತ್ತೇವೆ. ಸಣ್ಣ ಜಾಬ್‌ನಲ್ಲಿ ಈ ಎರಡನ್ನೂ ಬೇರೆ ಮಾಡಲೇಬೇಕು. 6000 ಸುತ್ತಿನಲ್ಲಿ 6 ಮಿ.ಮೀ. ಬಾರ್‌ಗೆ ಸಿಗುವುದು ನಿಮಿಷಕ್ಕೆ ಸುಮಾರು 113 ಮೀಟರ್. 3 ಮಿ.ಮೀ. ಬಾರ್‌ಗೆ ಅದರ ಅರ್ಧ. ತೆಳ್ಳನೆ ಜಾಬ್ ಮಾಡುವವರು ಹೆಚ್ಚು ಸುತ್ತಿನ ಸ್ಪಿಂಡಲ್ ಕೇಳಬೇಕು ಅನ್ನುವುದು ಇದರಿಂದಲೇ. ಮೊದಲನೆಯದನ್ನು ‘ಸುತ್ತು’, ಎರಡನೆಯದನ್ನು ‘ಕಡೆತದ ವೇಗ’ ಅಂತ ಸದ್ಯಕ್ಕೆ ಇಟ್ಟಿದ್ದೇನೆ.

ಕೊನೆಯದಾಗಿ, ‘ಟೂಲ್ ಬದಲಿಸು’ ಎಂಬ ಮಾತು. ಟೂಲ್‌ಸಾಲಿನ ಲೇತ್‌ನಲ್ಲಿ ಟೂಲ್ ಬದಲಾಗುವುದಿಲ್ಲ, ಸಾಲು ಸರಿಯುತ್ತದೆ. ಸವೆದ ಇನ್ಸರ್ಟ್ (ಟೂಲ್‌ನ ತುದಿಗೆ ಕೂರಿಸುವ ಅಲಗಿನ ತುಂಡು) ತೆಗೆದು ಹೊಸದು ಹಾಕುವುದೇ ನಿಜವಾದ ಬದಲಾವಣೆ. ಇಡೀ ಪ್ಲೇಟ್ ಬಿಚ್ಚಿ, ಹೊರಗೆ ಸೆಟ್ ಮಾಡಿಟ್ಟ ಇನ್ನೊಂದು ಪ್ಲೇಟ್ ಕೂರಿಸುವುದು ಮತ್ತೊಂದು. ಈ ಮೂರಕ್ಕೂ ‘ಬದಲಿಸು’ ಅಂತಲೇ ಬರೆದರೆ ಓದುವವರು ಕಂಗೆಡುತ್ತಾರೆ. ನಿಮ್ಮಲ್ಲಿ ಲೇತ್ ಕೆಲಸ ಮಾಡುವವರು, ಮಾಡುವವರ ಮನೆಯವರು ಇದ್ದರೆ ಈ ಮೂರಕ್ಕೆ ಅಲ್ಲಿ ಆಡುವ ಮಾತು ಏನೆಂದು ಕೇಳಿ ತಿಳಿಸುವಿರಾ? ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಆದರೂ ಸರಿ, ಅವರು ಹೇಳಿದಂತೆಯೇ ಬರೆದು ಕಳಿಸಿ.