ಬ್ಯಾಕ್ಟೀರಿಯಾ ಅಯಸ್ಕಾಂತದ ಹರಳನ್ನು ಒಂದೇ ಅಳತೆಗೆ ಹೇಗೆ ಮಾಡುತ್ತದೆ?

ಕುಂಬಳೆ_ಟೀಚರ್:
ಕಾಸರಗೋಡಿನ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಸಯನ್ಸ್ ಕಲಿಸುತ್ತೇನೆ. ಮೊನ್ನೆ ಲ್ಯಾಬಿನಲ್ಲಿ ಎರಡು ತರದ ಕಬ್ಬಿಣದ ಉಪ್ಪು ಬೆರೆಸಿ ಅಮೋನಿಯಾ ಹನಿ ಹನಿಯಾಗಿ ಬಿಟ್ಟೆವು. ಕಿತ್ತಳೆ ಬಣ್ಣದ ನೀರು ಕಣ್ಣೆದುರೇ ಕಪ್ಪಾಯಿತು. ಬೀಕರಿಗೆ ಅಯಸ್ಕಾಂತ ತಾಗಿಸಿದರೆ ಕಪ್ಪೆಲ್ಲ ಆ ಕಡೆಗೇ ಬಂದು ಅಂಟಿತು. ಅದು ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್. ಆದರೆ ಹೀಗೆ ಮಾಡಿದ ಪುಡಿಯಲ್ಲಿ ಸಣ್ಣದು ದೊಡ್ಡದು ಎಲ್ಲಾ ಇರುತ್ತದೆ. ಕೆಸರಿನ ಕೆಲವು ಬ್ಯಾಕ್ಟೀರಿಯಾ ಇದೇ ಹರಳನ್ನು ಮೈಯೊಳಗೆ ಒಂದೇ ಅಳತೆಗೆ ಮಾಡಿ ಸಾಲಾಗಿ ಜೋಡಿಸುತ್ತವೆ, ಅದು ಪ್ರೋಟೀನಿನ ಕೆಲಸ ಅಂದೆ. ಪ್ರೋಟೀನ್ ಮೆತ್ತಗೆ ಅಲ್ವಾ ಟೀಚರ್, ಅದು ಕಲ್ಲಿಗೆ ಹೇಗೆ ಅಳತೆ ಹೇಳುತ್ತದೆ ಅಂತ ಒಬ್ಬಳು ಕೇಳಿದಳು. ಏನು ಹೇಳಲಿ?

ಮುರಕಲ್ಲು:
ಒಳ್ಳೆ ಪ್ರಶ್ನೆ. ಮೊದಲು ಕೊಟ್ಟೆ ಕಡುಬು ನೆನಪು ಮಾಡಿಕೊಳ್ಳಿ. ಹಲಸಿನ ಎಲೆಯ ಕೊಟ್ಟೆ ಮೊದಲು, ಹಿಟ್ಟು ಆಮೇಲೆ. ಇಲ್ಲೂ ಹಾಗೇ, ಮೊದಲು ಪೊರೆಯ ಪುಟ್ಟ ಚೀಲ. ಮ್ಯಾಮ್ ಐ, ಮ್ಯಾಮ್ ಎಲ್, ಮ್ಯಾಮ್ ಕ್ಯೂ, ಮ್ಯಾಮ್ ಬಿ ಅನ್ನುವ ಪ್ರೋಟೀನುಗಳು ಒಳಪೊರೆಯನ್ನು ಒಳಕ್ಕೆ ಬಾಗಿಸಿ ಅದನ್ನು ಮಾಡುತ್ತವೆ. ಆಮೇಲೆ ಮ್ಯಾಮ್ ಬಿ ಮತ್ತು ಮ್ಯಾಮ್ ಎಂ ಸೇರಿ ಕಬ್ಬಿಣವನ್ನು ಒಳಗೆ ಬಿಡುತ್ತವೆ. ನಿಮ್ಮ ಬೀಕರಿನಲ್ಲಿ ಹರಳು ಎಲ್ಲಿ ಬೇಕಾದರೂ ಹುಟ್ಟಬಹುದು. ಇಲ್ಲಿ ಒಂದು ಚೀಲಕ್ಕೆ ಸಾಮಾನ್ಯವಾಗಿ ಒಂದೇ ಹರಳು, ಅದೂ ಬರೀ 35ರಿಂದ 120 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಇದಕ್ಕಿಂತ ತುಂಬ ಸಣ್ಣದಾದರೆ ಅದರ ಕಾಂತತೆ ಒಂದು ದಿಕ್ಕಿಗೆ ನಿಲ್ಲುವುದಿಲ್ಲ, ತುಂಬ ದೊಡ್ಡದಾದರೆ ಒಳಗೇ ಬೇರೆ ಬೇರೆ ದಿಕ್ಕಿನ ಭಾಗಗಳಾಗಿ ಒಡೆದು ಬಲ ಕಡಿಮೆಯಾಗುತ್ತದೆ.

ಪಯಸ್ವಿನಿ_ದಡ:
ಕೊಟ್ಟೆಯ ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ದಾರಿಗೇ ನಿಲ್ಲುತ್ತದೆ. ಎಲೆ ಹಿಟ್ಟಿಗೆ ಆಕಾರ ಕೊಡುತ್ತದೆ ಅಷ್ಟೇ, ಈ ಚೀಲದ ಗೋಡೆ ಕೆಲಸವನ್ನೂ ಮಾಡುತ್ತದೆ. ಮ್ಯಾಮ್ ಇ ಒಂದು ಕತ್ತರಿ ಪ್ರೋಟೀನ್, ಅಂದರೆ ಪ್ರೋಟೀನುಗಳನ್ನು ಕತ್ತರಿಸುವಂಥದ್ದು. ಅದರ ಕತ್ತರಿಸುವ ಶಕ್ತಿ ಮಾತ್ರ ತೆಗೆದು ನೋಡಿದರೆ ಹರಳು ಹುಟ್ಟುತ್ತದೆ, ಆದರೆ ಸುಮಾರು 20 ನ್ಯಾನೋಮೀಟರಿಗೇ ನಿಂತುಬಿಡುತ್ತದೆ, ಅಂದರೆ ಬೆಳೆಯುವುದಕ್ಕೆ ಅಪ್ಪಣೆ ಬೇಕು.

ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಎಂಎಂಎಸ್ 6 ಅನ್ನುವ ಪುಟ್ಟ ಪ್ರೋಟೀನಿನಲ್ಲಿದೆ. ಜಪಾನಿನವರು 2003ರಲ್ಲಿ ಇದನ್ನು ಹರಳಿಗೇ ಗಟ್ಟಿಯಾಗಿ ಅಂಟಿಕೊಂಡಿದ್ದ ಜಾಗದಿಂದ ಬಿಡಿಸಿ ತೆಗೆದರು. ಅದರ ಒಂದು ತುದಿ ಪೊರೆಯಲ್ಲಿ ಊರಿರುತ್ತದೆ, ಇನ್ನೊಂದು ತುದಿ ತುಂಬ ಆಮ್ಲೀಯ, ಅದು ಕಬ್ಬಿಣವನ್ನು ಹಿಡಿಯುತ್ತದೆ. ಮೆತ್ತಗಿದ್ದರೇನು, ಕಬ್ಬಿಣ ಎಲ್ಲಿ ಕೂರಬೇಕು ಅಂತ ಜಾಗ ತೋರಿಸಿದರೆ ಸಾಕಲ್ವಾ? ನೀವು ಲ್ಯಾಬಿನಲ್ಲಿ ಮಾಡಿದ ತರದ ಪ್ರಯೋಗಕ್ಕೇ ಇದನ್ನು ಸೇರಿಸಿದಾಗ 20ರಿಂದ 30 ನ್ಯಾನೋಮೀಟರಿನ, ಹೆಚ್ಚುಕಡಿಮೆ ಒಂದೇ ತರದ ಹರಳು ಸಿಕ್ಕಿತು. ಅದನ್ನೇ ಹೇಳಿ ಮಕ್ಕಳಿಗೆ.

ಸಾಲಿನ ವಿಷಯ ಬೇರೆ. ಮ್ಯಾಮ್ ಕೆ ಹಗ್ಗ, ಮ್ಯಾಮ್ ಜೆ ಚೀಲವನ್ನು ಹಗ್ಗಕ್ಕೆ ಕಟ್ಟುವ ಗಂಟು. ಗಂಟು ತೆಗೆದರೆ ಹರಳುಗಳೆಲ್ಲ ಒಂದನ್ನೊಂದು ಎಳೆದು ಮುದ್ದೆಯಾಗುತ್ತವೆ.

ಕುಂಬಳೆ_ಟೀಚರ್:
ತುಂಬ ಥ್ಯಾಂಕ್ಸ್. ಜಾಗ ತೋರಿಸುವುದು ಅನ್ನುವ ಮಾತು ಅವಳಿಗೆ ಕೂಡಲೇ ಹಿಡಿಸುತ್ತದೆ. ಈಗ ಇನ್ನೊಂದು ಆಸೆ. ಇಳಿತದ ಹೊತ್ತಿಗೆ ನಮ್ಮ ಅಳಿವೆಯ ಕೆಸರು ತಂದರೆ ಇವನ್ನು ನೋಡಬಹುದಾ?

ಮುರಕಲ್ಲು:
ಪ್ರಯತ್ನಿಸಿ. ಇವು ಉಪ್ಪುನೀರಿನ ಕೆಸರಲ್ಲೂ ಇರುತ್ತವೆ. 1975ರಲ್ಲಿ ಬ್ಲೇಕ್‌ಮೋರ್ ಅನ್ನುವ ವಿಜ್ಞಾನಿ ಅಮೆರಿಕದಲ್ಲಿ ಕೆಸರು ನೋಡುತ್ತಲೇ ಇವನ್ನು ಕಂಡದ್ದು. ಗಾಜಿನ ಜಾಡಿಯಲ್ಲಿ ಅರ್ಧ ಕೆಸರು, ಮೇಲೆ ಅಲ್ಲಿನದೇ ನೀರು. ಮುಚ್ಚಳ ಸಡಿಲ ಬಿಟ್ಟು ಕೆಲವು ವಾರ ಕತ್ತಲಲ್ಲಿಡಿ, ಅಲುಗಾಡಿಸಬೇಡಿ. ಇವಕ್ಕೆ ಆಮ್ಲಜನಕ ಚೂರೇ ಚೂರು ಸಾಕು. ಆಮೇಲೆ ಕೆಸರಿಗಿಂತ ಸ್ವಲ್ಪ ಮೇಲೆ ಗಾಜಿಗೆ ಅಯಸ್ಕಾಂತ ಹಿಡಿದು ಒಂದೆರಡು ಗಂಟೆ ಕಾದು, ಅಲ್ಲಿಂದಲೇ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಡಿ ನೋಡಿ. ಪಕ್ಕದಲ್ಲಿ ಅಯಸ್ಕಾಂತ ಇಟ್ಟರೆ ಹನಿಯ ಅಂಚಿಗೆ ಗುಂಪಾಗಿ ಈಜಿ ಬರುತ್ತವೆ. ಅಯಸ್ಕಾಂತ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಹಿಂದಿರುಗಿ ಹೊರಡಬೇಕು. ಹಾಗೆ ಹೊರಟರೆ ಜೀವ, ಸುಮ್ನೆ ಎಳೆಸಿಕೊಂಡು ಬಂದರೆ ಕಬ್ಬಿಣದ ಧೂಳು.

ಪಯಸ್ವಿನಿ_ದಡ:
ಒಂದು ಮಾತು. ಪುಸ್ತಕದಲ್ಲಿ ಉತ್ತರಾರ್ಧಗೋಳದವು ಉತ್ತರಕ್ಕೆ ಈಜುತ್ತವೆ, ಅಯಸ್ಕಾಂತದ ಒಂದೇ ತುದಿ ಹಿಡಿದರೆ ಸಾಕು ಅಂತ ಇರಬಹುದು. ನಾವಿರುವುದು ಕಾಂತೀಯ ಸಮಭಾಜಕದ ಹತ್ತಿರ, ಅಂದರೆ ಭೂಮಿಯ ಕಾಂತಬಲ ಮೇಲಕ್ಕೂ ಕೆಳಕ್ಕೂ ವಾಲದೆ ಮಟ್ಟಸವಾಗಿರುವ ಗೆರೆಯ ಹತ್ತಿರ. ತಿರುವನಂತಪುರದ ಹತ್ತಿರದ ತುಂಬಾ ಅನ್ನುವ ಊರಿನಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಅದೇ ಕಾರಣಕ್ಕೆ. ಬ್ರೆಜಿಲಿನಲ್ಲಿ ಇಂಥದೇ ಜಾಗದಲ್ಲಿ ಉತ್ತರಕ್ಕೆ ಹೋಗುವವೂ ದಕ್ಷಿಣಕ್ಕೆ ಹೋಗುವವೂ ಹೆಚ್ಚುಕಡಿಮೆ ಸಮ ಸಂಖ್ಯೆಯಲ್ಲಿ ಸಿಕ್ಕಿದ್ದವು. ಅದಕ್ಕೇ ಜಾಡಿಯ ಒಂದು ಬದಿಗೆ ಉತ್ತರ ತುದಿ, ಎದುರು ಬದಿಗೆ ದಕ್ಷಿಣ ತುದಿ ಹಿಡಿದು ಎರಡೂ ಕಡೆಯಿಂದ ಹನಿ ತೆಗೆಯಿರಿ. ಯಾವ ಕಡೆ ಜಾಸ್ತಿ ಬಂತು ಅಂತ ಮಕ್ಕಳೇ ಎಣಿಸಲಿ, ಎಣಿಸಿದ್ದನ್ನು ಇಲ್ಲಿ ಬರೆಯಿರಿ.